ಆನೇಕಲ್ಲಿನ ವಿಮಾನ, ಚೌಪಾಟಿಯ ಮೆರವಣಿಗೆ

ಸಂಘದ ಸಭೆಗಳಲ್ಲಿ ಎದ್ದು ನಿಂತು ನಾಲ್ಕು ಮಾತು ಆಡುವ ಚಟ ನಮಗೆ ಬಹಳ ವರ್ಷಗಳಿಂದ ಅಂಟಿಕೊಂಡಿದೆ. ರಾಜ್ಯೋತ್ಸವವಿರಲಿ, ದಸರೆಯ ಬನ್ನಿ ಹಂಚುವ ಕೂಟವಿರಲಿ, ಕಾರ್ಯದರ್ಶಿಗಳು ನಮ್ಮ ಕಡೆ ಒಮ್ಮೆ ನೋಡಿದರೆ ಸಾಕು. ಧಾರವಾಡದ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ನೆಲೆನಿಂತ ಗುಮಾಸ್ತನಿಗೆ ಕಚೇರಿಯಲ್ಲಿ ಮಾತಾಡುವ ಅವಕಾಶ ಎಲ್ಲಿಯದು? ವಾರವೆಲ್ಲ ಮೇಲಧಿಕಾರಿಗಳ ಮಾತು ಕೇಳಿಸಿಕೊಂಡದ್ದಕ್ಕೆ ರವಿವಾರ ಸಂಘದಲ್ಲಿ ಬಡ್ಡಿ ಸಹಿತ ವಸೂಲು ಮಾಡಿಕೊಳ್ಳುತ್ತಿದ್ದೆವು. ಈ ಚಟದಿಂದ ೨೦೧೫ರ ಸಂಕ್ರಾಂತಿಯಲ್ಲಿ ನಮಗೊದಗಿದ ಪಾಡನ್ನೂ, ಎರಡೂವರೆ ವರ್ಷಗಳ ತರುವಾಯ ನಾವು ವಿಜ್ಞಾನಿಗಳ ಮೆರವಣಿಗೆಯೊಂದರ ಹಿಂದೆ ಕೊಡೆ ಹಿಡಿದು ನಡೆದುದನ್ನೂ ವಾಚಕರಲ್ಲಿ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇವೆ.

ಆ ವರ್ಷ ಜನವರಿ ೩ರಿಂದ ೭ರವರೆಗೆ ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ೧೦೨ನೆಯ ಅಧಿವೇಶನ ಜರುಗಿತು. ಪ್ರಧಾನಮಂತ್ರಿಗಳೇ ಬಂದು ಉದ್ಘಾಟಿಸಿದರು. ಅಲ್ಲಿ ಸಂಸ್ಕೃತದ ಮೂಲಕ ಪ್ರಾಚೀನ ವಿಜ್ಞಾನಗಳನ್ನು ಕುರಿತು ಒಂದು ಗೋಷ್ಠಿಯಿತ್ತು. ವಿಮಾನ ಚಾಲಕರ ತರಬೇತಿ ಶಾಲೆಯಿಂದ ನಿವೃತ್ತರಾಗಿದ್ದ ಕ್ಯಾಪ್ಟನ್ ಆನಂದ ಬೋಡಸ್ ಎಂಬವರು ಅದರಲ್ಲಿ ಮಾತಾಡಿ, ವೇದಕಾಲದ ವಿಮಾನಗಳು ಹಿಂದಕ್ಕೂ ಹಾರಬಲ್ಲವಾಗಿದ್ದವು, ಗ್ರಹದಿಂದ ಗ್ರಹಕ್ಕೂ ಹೋಗಬಲ್ಲವಾಗಿದ್ದವು ಎಂದರು. ಅದಕ್ಕೆ ಆಧಾರವೆಂದು ಹೇಳಿದ್ದು ಭರದ್ವಾಜ ಮಹರ್ಷಿಗಳ ಹೆಸರಿನಲ್ಲಿರುವ ‘ವೈಮಾನಿಕ ಶಾಸ್ತ್ರ’. ಅದೇ ದಿನಗಳಲ್ಲಿ ಇನ್ನೊಂದು ಕಥೆಯೂ ಪತ್ರಿಕೆಗಳಲ್ಲಿ ಓಡಾಡಿತು. ಮುಂಬಯಿಯ ಶಿವಕರ ಬಾಪೂಜಿ ತಳಪದೆ ಎಂಬವರು ೧೮೯೫ರಲ್ಲಿ, ಎಂದರೆ ರೈಟ್ ಸಹೋದರರಿಗಿಂತ ಎಂಟು ವರ್ಷ ಮೊದಲೇ, ಚೌಪಾಟಿಯ ಮರಳಿನಿಂದ ವಿಮಾನ ಹಾರಿಸಿದ್ದರಂತೆ.

ನಮಗೆ ಇಷ್ಟು ಸಾಕಾಯಿತು. ಯಾಕೆಂದರೆ ಆ ವೈಮಾನಿಕ ಶಾಸ್ತ್ರವನ್ನು ಬಾಯಿಂದ ಹೇಳಿ ಬರೆಯಿಸಿದವರು ಬೆಂಗಳೂರಿನ ಬಳಿಯ ಆನೇಕಲ್ಲಿನಲ್ಲಿದ್ದ ಪಂಡಿತ ಸುಬ್ಬರಾಯ ಶಾಸ್ತ್ರಿಗಳು. ೧೯೧೮ರಿಂದ ೧೯೨೩ರವರೆಗೆ ಅವರು ಹೇಳುತ್ತ ಹೋದ ಶ್ಲೋಕಗಳನ್ನು ವೆಂಕಟಾಚಲ ಶರ್ಮರು ಬರೆದುಕೊಂಡರು. ಮೈಸೂರಿನ ಜಿ. ಆರ್. ಜೋಸ್ಯರ್ ಅವರು ೧೯೭೩ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚುಹಾಕಿಸಿದರು. ಸಂಕ್ರಾಂತಿಯ ಕೂಟದಲ್ಲಿ ನಾವು ಎದ್ದು, “ಮರಾಠಿ ಬಂಧುಗಳು ಚೌಪಾಟಿಯ ಹೆಸರು ಹೇಳಿ ಹೆಮ್ಮೆಪಡಲಿ, ಆದರೆ ವಿಮಾನದ ವಿದ್ಯೆ ಮುಂಬಯಿಗೆ ಬಂದದ್ದು ಕನ್ನಡ ನಾಡಿನಿಂದ” ಎಂದು ಸಾರಿದೆವು. ಪರಊರಿನಲ್ಲಿ ಬಾಳುವವರಿಗೆ ಇಂಥ ಮಾತು ಎಷ್ಟು ಹಿತವೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚಪ್ಪಾಳೆ ನಿಲ್ಲಲು ಸ್ವಲ್ಪ ಹೊತ್ತೇ ಹಿಡಿಯಿತು.

ನಮ್ಮ ಮಗಳು ಹಿಂದಿನ ಸಾಲಿನಲ್ಲಿ ನಿಂತು ಕುಸುರೆಳ್ಳು ಹಂಚುತ್ತಿದ್ದಳು. ಅವಳು ರಸಾಯನಶಾಸ್ತ್ರ ಓದಿದವಳು. ಆಗ ಒಂದು ಸರ್ಕಾರಿ ಸಂಶೋಧನಾಲಯದಲ್ಲಿ ವರ್ಷ ವರ್ಷಕ್ಕೆ ನವೀಕರಿಸುವ ಹುದ್ದೆಯಲ್ಲಿದ್ದಳು. ಮನೆ ಮುಟ್ಟುವವರೆಗೆ ಅವಳು ತುಟಿ ಬಿಚ್ಚಲಿಲ್ಲ. ಚಪ್ಪಲಿ ಬಿಡುತ್ತ ಹೇಳಿದಳು:

“ಅಪ್ಪಾ, ಭಾಷಣ ಛಲೋ ಆತು. ಆದ್ರ ಅದರಾಗ ಹಾರೂವಂಥಾದ್ದು ಏನೂ ಇರಲಿಲ್ಲ.”

ಮರುದಿನ ಅವಳು ಒಂದು ಲೇಖನದ ಪ್ರತಿಯನ್ನು ತಂದು ನಮ್ಮ ಮುಂದೆ ಇಟ್ಟಳು. ಅದು ೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಬರೆದದ್ದು: ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು, ಎಸ್. ಪಿ. ಗೋವಿಂದರಾಜು. ಅವರು ಪುಸ್ತಕವನ್ನು ಮೂಲೆಗೆಸೆದು ನಕ್ಕವರಲ್ಲ. ಶಾಸ್ತ್ರಿಗಳನ್ನು ಬಲ್ಲವರನ್ನು ಹುಡುಕಿಕೊಂಡು ಹೋಗಿ ವಿಚಾರಿಸಿದ್ದರು. ಶ್ಲೋಕಗಳ ಭಾಷೆಯನ್ನು ನೋಡಿ, ಇದು ಪ್ರಾಚೀನ ಸಂಸ್ಕೃತವಲ್ಲ, ಗ್ರಂಥದ ಕಾಲ ೧೯೦೪ಕ್ಕಿಂತ ಹಿಂದಕ್ಕೆ ಹೋಗದು ಎಂದು ತೀರ್ಮಾನಿಸಿದ್ದರು. ಚಿತ್ರಗಳನ್ನು ಬರೆದದ್ದು ೧೯೨೩ರಲ್ಲಿ, ಎಲ್ಲಪ್ಪ ಎಂಬ ನಕ್ಷೆಗಾರರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ಆಕಾರ, ಭಾರ, ಯಂತ್ರ ಎಲ್ಲವನ್ನೂ ಐವರೂ ಲೆಕ್ಕಕ್ಕೆ ಹಚ್ಚಿ ನೋಡಿದರು. ಒಂದೂ ಹಾರದು. ಹಾಗಿರಲಿ, ಅದರಲ್ಲಿ ಹೇಳಿದ ಯಂತ್ರಗಳು ಹಾರಾಟಕ್ಕೆ ನೆರವಾಗುವುದರ ಬದಲು ಅಡ್ಡಿಯೇ ಆಗುತ್ತವೆ ಎಂಬುದು ಅವರ ನಿರ್ಣಯ. ತಳಪದೆಯವರು ಶಾಸ್ತ್ರಿಗಳ ಮಾರ್ಗದರ್ಶನದಲ್ಲಿ ಮಾದರಿಗಳನ್ನು ಮಾಡಲು ಹೊರಟದ್ದೂ, ಅವು ಮೇಲೇಳದೆ ಹೋದದ್ದೂ ಅದೇ ಲೇಖನದಲ್ಲಿತ್ತು.

ನಮಗೆ ಸಿಟ್ಟು ಬಂದಿತೆಂದು ಒಪ್ಪಿಕೊಳ್ಳುತ್ತೇವೆ. ನಮ್ಮ ಪರಂಪರೆಯೆಂದರೆ ಆಗದ ಮಂದಿ ಬರೆದದ್ದಿದು ಎಂದೆವು. ಮಗಳು ಐವರಲ್ಲಿ ಒಬ್ಬರ ಹೆಸರಿನ ಮೇಲೆ ಬೆರಳಿಟ್ಟಳು. ಆ ನಾಗೇಂದ್ರರು ಮುಂದೆ ತಮ್ಮ ಬಾಳನ್ನೇ ಯೋಗಕ್ಕೆ ಕೊಟ್ಟು, ಬೆಂಗಳೂರಿನ ಬಳಿ ಯೋಗದ ವಿಶ್ವವಿದ್ಯಾಲಯವನ್ನೇ ನಡೆಸಿದವರು. ೨೦೧೬ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಪರಂಪರೆಯ ಮೇಲಿನ ಪ್ರೀತಿಗೂ ಲೆಕ್ಕಕ್ಕೂ ಅವರಲ್ಲಿ ಜಗಳವಿದ್ದಂತೆ ಕಾಣಲಿಲ್ಲ, ಜಗಳವಿದ್ದದ್ದು ನಮ್ಮಲ್ಲಿ.

“ಶಾಸ್ತ್ರಿಗಳನ್ನ ನಾ ಏನೂ ಅನ್ನಲಿಕ್ಕತ್ತಿಲ್ಲಪ್ಪಾ,” ಎಂದಳು ಮಗಳು. “ನೀವು ಸಂಘದಾಗ ಹೇಳಿದ್ರ ಚಪ್ಪಾಳಿ ಬೀಳ್ತದ, ಮುಗೀತದ. ಆದ್ರ ಅದನ್ನ ವಿಜ್ಞಾನ ಕಾಂಗ್ರೆಸ್ಸಿನಾಗ ಹೇಳಿದ್ರು. ನಾಳೆ ಸರ್ಕಾರ ಅದನ್ನ ನಂಬಿದ್ರ ರೊಕ್ಕ ಅಲ್ಲಿಗೆ ಹೋಗ್ತದ. ಸಾಲಿ ಪುಸ್ತಕ ಹಂಗ ಆಗ್ತಾವ. ಅವಾಗ ಚಪ್ಪಾಳಿ ಹೊಡದವರ ಮಕ್ಕಳs ಅದನ್ನ ಓದಬೇಕು.”

ನಾವು ಉತ್ತರ ಕೊಡಲಿಲ್ಲ. ಕೆಲವು ದಿನ ಅಪ್ಪ ಮಗಳ ನಡುವೆ ಚಹದ ಲೋಟ ಮಾತ್ರ ಓಡಾಡಿತು.

ಹೀಗೆ ಎರಡೂವರೆ ವರ್ಷ ಕಳೆಯಿತು. ೨೦೧೭ರ ಏಪ್ರಿಲ್ ೨೨ರಂದು ಅಮೆರಿಕದ ವಾಷಿಂಗ್ಟನ್ನಿನಲ್ಲಿಯೂ ಜಗತ್ತಿನ ನೂರಾರು ಊರುಗಳಲ್ಲಿಯೂ ವಿಜ್ಞಾನಿಗಳು ಬೀದಿಗಿಳಿದು ನಡೆದರು. ಅದರ ಬೆನ್ನಿಗೇ ನಮ್ಮ ದೇಶದಲ್ಲಿಯೂ ಆಗಸ್ಟ್ ೯ರಂದು ಹಲವು ಊರುಗಳಲ್ಲಿ ನಡಿಗೆಯೆಂದು ನಿಶ್ಚಯವಾಯಿತು. ಮುಂಬಯಿಯಲ್ಲಿ ಆಗಸ್ಟ್ ಕ್ರಾಂತಿ ಮೈದಾನದಿಂದ ಚೌಪಾಟಿಯ ಎದುರಿನ ವಿಲ್ಸನ್ ಕಾಲೇಜಿನವರೆಗೆ. ಊಟಕ್ಕೆ ಕುಳಿತಾಗ ಮಗಳು ತಾನೂ ಹೋಗುವುದಾಗಿ ಹೇಳಿದಳು. ನಮ್ಮ ಮನೆಯವರ ಕೈಯಲ್ಲಿದ್ದ ಸಟ್ಟುಗ ಅಲ್ಲಿಯೇ ನಿಂತಿತು.

“ನಿನ್ನ ನೌಕರಿ ಒಂದು ಕಾಗದದ ಮೇಲೆ ನಿಂತದ. ಆ ಕಾಗದಕ್ಕ ಸಹಿ ಮಾಡೋರು ಸರ್ಕಾರದವರು. ಅವರ ವಿರುದ್ಧನ ಹೋಗ್ತೀಯೇನು?”

“ವಿರುದ್ಧ ಅಲ್ಲವ್ವಾ. ಕೇಳಲಿಕ್ಕೆ ಹೋಗ್ತೀನಿ.”

“ಕೇಳಿದವರಿಗೆ ಧಾರವಾಡದಾಗ ಏನಾತು, ಮರತಿಯೇನು?”

ಆ ಮಾತಿಗೆ ಮೂವರೂ ಸುಮ್ಮನಾದೆವು. ನಮ್ಮ ಮನೆಯವರ ತವರು ಧಾರವಾಡ. ೨೦೧೫ರ ಆಗಸ್ಟ್ ೩೦ರ ಬೆಳಿಗ್ಗೆ ಕಲ್ಯಾಣನಗರದ ಮನೆಯಲ್ಲಿಯೇ ಎಂ. ಎಂ. ಕಲಬುರ್ಗಿಯವರನ್ನು ಗುಂಡಿಟ್ಟು ಕೊಂದರು. ಅವರು ಪ್ರಯೋಗಾಲಯದವರಲ್ಲ, ಶಾಸನ ಮತ್ತು ವಚನಗಳ ವಿದ್ವಾಂಸರು. ಆದರೆ ಆಧಾರ ಕೇಳುವುದೇ ಅವರ ಕಸುಬಾಗಿತ್ತು. ಅದಕ್ಕೂ ಎರಡು ವರ್ಷ ಮೊದಲು, ೨೦೧೩ರ ಆಗಸ್ಟ್ ೨೦ರಂದು, ಪುಣೆಯಲ್ಲಿ ಮುಂಜಾನೆ ನಡೆದಾಡಲು ಹೋದ ಡಾಕ್ಟರ್ ನರೇಂದ್ರ ದಾಭೋಲ್ಕರರು ಮನೆಗೆ ಮರಳಲಿಲ್ಲ. ಮಾಟಮಂತ್ರದ ಹೆಸರಿನಲ್ಲಿ ನಡೆಯುವ ಅಮಾನುಷ ಪದ್ಧತಿಗಳನ್ನು ತಡೆಯುವ ಕಾನೂನು ಬೇಕೆಂದು ಅವರು ವರ್ಷಗಟ್ಟಲೆ ಬೇಡಿದ್ದರು. ಮಹಾರಾಷ್ಟ್ರದಲ್ಲಿ ಅದು ಕಾನೂನಾದದ್ದು ಅವರು ತೀರಿಕೊಂಡ ಮೇಲೆ, ಅದೇ ವರ್ಷ. ತಾಯಿಯಾದವಳ ಹೆದರಿಕೆಗೆ ಹೆಸರು, ತಾರೀಖು, ಊರು ಎಲ್ಲ ಇದ್ದವು.

ನಾವು ಕಚೇರಿಯ ಮನುಷ್ಯರು, ನಿಯಮದ ಮೊರೆಹೊಕ್ಕೆವು. ೧೯೬೪ರ ಕೇಂದ್ರ ಸೇವಾ ನಡತೆ ನಿಯಮಗಳ ಪ್ರಕಾರ ನೌಕರನು ರಾಜಕೀಯ ಪಕ್ಷವನ್ನು ಸೇರಬಾರದು, ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸಬಾರದು. ಹಿಂದಿನ ವಿಜ್ಞಾನಿಗಳು ತಮ್ಮ ಕೆಲಸವಾಯಿತು, ತಾವಾಯಿತು ಎಂದಿದ್ದರು, ಈ ಬೀದಿಯ ಆಟ ಹೊಸದು ಎಂದೂ ಸೇರಿಸಿದೆವು. “ಹಂಗಂತ ಎಲ್ಲಿ ಬರದದ, ತೋರಸ್ರಿ” ಎಂದಳು ಮಗಳು. ತೋರಿಸಿಯೇ ಬಿಡುತ್ತೇವೆಂದು ಎರಡು ರವಿವಾರ ಸಂಘದ ವಾಚನಾಲಯದಲ್ಲಿ ಕುಳಿತೆವು. ಸಿಕ್ಕಿದ್ದೆಲ್ಲ ನಮಗೆ ಪ್ರತಿಕೂಲವೇ.

ಮೊದಲು ಸಿಕ್ಕವರು ಇದೇ ಮುಂಬಯಿಯಲ್ಲಿ ದುಡಿದ ಗಣಿತಜ್ಞ ಡಿ. ಡಿ. ಕೋಸಂಬಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದವರು. ಪುಣೆಯಿಂದ ಡೆಕ್ಕನ್ ಕ್ವೀನ್ ಗಾಡಿಯಲ್ಲಿ ಬಂದು ಹೋಗುತ್ತಿದ್ದರು. ದೇಶವೆಲ್ಲ ಅಣುಶಕ್ತಿಯ ಕನಸು ಕಾಣುತ್ತಿದ್ದ ಕಾಲದಲ್ಲಿ ಅವರು ಶಾಂತಿ ಚಳವಳಿಯಲ್ಲಿದ್ದು, ಬಿಸಿಲಿಗೆ ಕೊರತೆಯಿಲ್ಲದ ನಮ್ಮ ದೇಶಕ್ಕೆ ಸೂರ್ಯನ ಶಕ್ತಿಯೇ ತಕ್ಕದ್ದು ಎಂದು ಬಹಿರಂಗವಾಗಿ ವಾದಿಸಿದರು. ೧೯೬೨ರಲ್ಲಿ ಆ ಸಂಸ್ಥೆ ಅವರ ನೇಮಕವನ್ನು ಮುಂದುವರಿಸಲಿಲ್ಲ. ಇದನ್ನು ಓದಿ ನಮ್ಮ ಎದೆ ಸ್ವಲ್ಪ ಹೊಡೆದುಕೊಂಡಿತು, ಮನೆಯಲ್ಲಿ ಹೇಳಲಿಲ್ಲ.

ಎರಡನೆಯವರು ನಮ್ಮವರೇ ಆದ ಎಚ್. ನರಸಿಂಹಯ್ಯನವರು. ೧೯೪೨ರ ಚಳವಳಿಯಲ್ಲಿ ಓದು ಬಿಟ್ಟು ಸೆರೆಮನೆ ಕಂಡವರು, ಭೌತಶಾಸ್ತ್ರದ ಅಧ್ಯಾಪಕರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳು. ೧೯೭೬ರಲ್ಲಿ ಅವರು ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ಒಂದು ಸಮಿತಿಯನ್ನೇ ನೇಮಿಸಿದರು. ಪವಾಡವಿದ್ದರೆ ತೋರಿಸಿ, ನೋಡುತ್ತೇವೆ ಎಂಬುದಷ್ಟೇ ಅವರ ಮಾತು. ಅದಕ್ಕೆ ಎದ್ದ ಗುಲ್ಲು ಸಣ್ಣದಲ್ಲ.

ಮೂರನೆಯದು ಒಂದು ಹೇಳಿಕೆ. ೧೯೮೦ರ ಅಕ್ಟೋಬರಿನಲ್ಲಿ ಕೂನೂರಿನಲ್ಲಿ ಕೂಡಿದ ಕೆಲವರು ವೈಜ್ಞಾನಿಕ ಮನೋಭಾವವನ್ನು ಕುರಿತು ಒಂದು ಹೇಳಿಕೆಯನ್ನು ಸಿದ್ಧಪಡಿಸಿದರು. ೧೯೮೧ರ ಜುಲೈಯಲ್ಲಿ ಅದನ್ನು ಹೊರತಂದದ್ದು ಇಲ್ಲಿಯ ನೆಹರು ಕೇಂದ್ರ. ಪಿ. ಎನ್. ಹಕ್ಸರ್, ಪಿ. ಎಂ. ಭಾರ್ಗವ ಇವರೊಡನೆ ಅದರಲ್ಲಿ ಮುಂದಾಳಾಗಿದ್ದವರು ತುಮಕೂರಿನಲ್ಲಿ ಹುಟ್ಟಿ ಟ್ರಾಂಬೆಯ ಅಣುಸಂಶೋಧನಾ ಕೇಂದ್ರವನ್ನು ನಡೆಸಿದ ರಾಜಾ ರಾಮಣ್ಣನವರು! ಸರ್ಕಾರದ ಇಷ್ಟು ದೊಡ್ಡ ಹುದ್ದೆಯವರೇ ಬಾಯಿ ಬಿಟ್ಟಿದ್ದರೆಂದ ಮೇಲೆ ನಮ್ಮ ನಿಯಮದ ಪುಸ್ತಕ ತೆಳ್ಳಗಾಯಿತು. ಆಗ ದಿಲ್ಲಿಯಲ್ಲಿದ್ದ ಸರ್ಕಾರ ಬೇರೆ, ಈಗಿನದು ಬೇರೆ. ಕೇಳುವ ಪ್ರಶ್ನೆ ಮಾತ್ರ ಅದೇ ಎಂಬುದೂ ನಮ್ಮ ಗಮನಕ್ಕೆ ಬಂದಿತು.

ಸಂಘದ ಹಿರಿಯ ಮಿತ್ರರೊಬ್ಬರೊಡನೆ ಈ ವಿಷಯ ಚರ್ಚಿಸಿದೆವು. ಅವರು ಹೇಳಿದ್ದರಲ್ಲಿ ಹುರುಳಿತ್ತು: “ವೈದ್ಯನು ಒಂದು ಪಕ್ಷದ ಟೊಪ್ಪಿಗೆ ಹಾಕಿಕೊಂಡರೆ ಇನ್ನೊಂದು ಪಕ್ಷದ ರೋಗಿ ಅವನ ಔಷಧವನ್ನು ಸಂಶಯದಿಂದ ನೋಡುತ್ತಾನೆ. ವಿಜ್ಞಾನಿಗೂ ಅದೇ ಅಪಾಯ.” ನಾವು ಇದನ್ನು ಮಗಳಿಗೆ ಹೇಳಿದೆವು. ಅವಳು ತಳ್ಳಿಹಾಕಲಿಲ್ಲ. ಟೊಪ್ಪಿಗೆ ಹಾಕುವುದಿಲ್ಲ, ಮತ ಕೇಳುವುದಿಲ್ಲ ಎಂದಳು. ಬೇಡಿಕೆಗಳ ಪಟ್ಟಿಯನ್ನು ಓದಿದಳು. ದೇಶದ ಒಟ್ಟು ಉತ್ಪನ್ನದಲ್ಲಿ ನೂರಕ್ಕೆ ೩ರಷ್ಟನ್ನು ವಿಜ್ಞಾನ ಸಂಶೋಧನೆಗೂ ನೂರಕ್ಕೆ ೧೦ರಷ್ಟನ್ನು ಶಿಕ್ಷಣಕ್ಕೂ ಕೊಡಬೇಕು. ಸಂಶೋಧನೆಗೆ ಆಗ ಸಿಗುತ್ತಿದ್ದುದು, ಈಗ ಸಿಗುತ್ತಿರುವುದು, ನೂರಕ್ಕೆ ಒಂದಕ್ಕೂ ಕಡಿಮೆ. ಶಾಲೆಯಲ್ಲಿ ಆಧಾರವಿರುವ ವಿಚಾರಗಳನ್ನಷ್ಟೇ ಕಲಿಸಬೇಕು. ಸರ್ಕಾರದ ನೀತಿಗಳು ವಿಜ್ಞಾನದ ಸಾಕ್ಷ್ಯದ ಮೇಲೆ ನಿಲ್ಲಬೇಕು. ಸಂವಿಧಾನದ ೫೧ಎ ವಿಧಿ ಹೇಳುವಂತೆ ವೈಜ್ಞಾನಿಕ ಮನೋಭಾವವನ್ನು ಬೆಳೆಸಬೇಕು. ಈ ಕೊನೆಯದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ೧೯೭೬ರ ತಿದ್ದುಪಡಿಯಲ್ಲಿ ಸೇರಿದ್ದು. ಎಂದರೆ ಡೊಂಬಿವಲಿಯ ನಿವೃತ್ತ ಗುಮಾಸ್ತನಿಗೂ ಅದು ತಗಲುತ್ತದೆ.

ಹಿಂದಿನ ರಾತ್ರಿ ಮಗಳು ಒಂದು ರಟ್ಟಿನ ಹಾಳೆಯನ್ನೂ ಕಪ್ಪು ಬಣ್ಣವನ್ನೂ ತಂದು ನಮ್ಮ ಮುಂದಿಟ್ಟಳು. ಸಂಘದ ಫಲಕಗಳನ್ನು ಬರೆಯುವವರು ನಾವೇ. ನಮ್ಮ ಅಕ್ಷರಕ್ಕೆ ಅಷ್ಟು ಹೆಸರಿದೆ. “ಮರಾಠಿ, ಇಂಗ್ಲೀಷು ಎಲ್ಲಾರೂ ಬರೀತಾರ. ನೀವು ಕನ್ನಡದಾಗ ಬರೀರಿ” ಎಂದಳು. ಏನು ಬರೆಯಬೇಕೆಂದು ಕೇಳಿದರೆ, ನಿಮಗ ತಿಳಿದದ್ದು ಎಂದಳು. ಬಹಳ ಹೊತ್ತು ಕುಳಿತು ಎರಡೇ ಪದ ಬರೆದೆವು: ಸಾಕ್ಷಿ ಎಲ್ಲಿ?

ಮರುದಿನ, ಮಳೆ ಬಂದೀತು, ಹುಡುಗಿಗೆ ಕೊಡೆ ಹಿಡಿಯಲಾದರೂ ಒಬ್ಬರು ಬೇಕೆಂಬ ನೆಪದಿಂದ ನಾವೂ ಹೊರಟೆವು. ನಮ್ಮ ಮನೆಯವರು ದೇವರ ಮುಂದೆ ದೀಪ ಹಚ್ಚಿ, ಇಬ್ಬರಿಗೂ ಡಬ್ಬಿ ಕಟ್ಟಿಕೊಟ್ಟರು. ಹೋಗಬೇಡಿರೆಂದು ಹೇಳಲಿಲ್ಲ, ಹೋಗಿಬನ್ನಿರೆಂದೂ ಹೇಳಲಿಲ್ಲ. ಅದೇ ದಿನ ಮುಂಬಯಿಯಲ್ಲಿ ಮರಾಠಾ ಕ್ರಾಂತಿ ಮೋರ್ಚಾ. ಲಕ್ಷಗಟ್ಟಲೆ ಜನ, ಲೋಕಲ್ ಗಾಡಿಯ ತುಂಬ ಕೇಸರಿ ಬಾವುಟಗಳು. ಅವುಗಳ ನಡುವೆ ನಮ್ಮ ರಟ್ಟಿನ ಫಲಕ ಮಡಚದಂತೆ ಎದೆಗವಚಿಕೊಂಡು ದಾದರಿನಲ್ಲಿ ಗಾಡಿ ಬದಲಿಸಿ ಗ್ರ್ಯಾಂಟ್ ರೋಡಿನಲ್ಲಿ ಇಳಿದೆವು. ಒಬ್ಬ ಮುದುಕರು ಅದೇನೆಂದು ಕೇಳಿದರು. ಮರಾಠಿಯಲ್ಲಿ ಅರ್ಥ ಹೇಳಿದೆವು. “ಬರೋಬರ್ ಆಹೆ” ಎಂದು ತಲೆಯಾಡಿಸಿ ತಮ್ಮ ಬಾವುಟವನ್ನು ಸ್ವಲ್ಪ ಸರಿಸಿ ಜಾಗ ಮಾಡಿಕೊಟ್ಟರು.

ಮೈದಾನದಲ್ಲಿ ಕೂಡಿದವರು ಕೆಲವು ನೂರು ಮಂದಿ. ೧೯೪೨ರಲ್ಲಿ ಗಾಂಧೀಜಿಯವರು ಬ್ರಿಟಿಷರಿಗೆ ‘ಬಿಟ್ಟು ತೊಲಗಿ’ ಎಂದ ಜಾಗ ಅದು. ಇಲ್ಲಿ ಯಾರಿಗೂ ತೊಲಗಿ ಎನ್ನುವವರಿರಲಿಲ್ಲ. ತರಗತಿಗೆ ತಡವಾಗಿ ಬಂದವರಂತೆ ಮೇಷ್ಟರುಗಳು, ಕನ್ನಡಕದ ಸಂಶೋಧಕರು, ವಿದ್ಯಾರ್ಥಿಗಳು ಸಂಕೋಚದಿಂದ ನಿಂತಿದ್ದರು. ಘೋಷಣೆ ಕೂಗುವ ಅಭ್ಯಾಸ ಅವರಿಗಿರಲಿಲ್ಲ. ಒಂದು ಕೂಗಿನ ಮೊದಲರ್ಧ ಎದ್ದರೆ ಉಳಿದರ್ಧ ಅಲ್ಲಿಯೇ ಮುಗ್ಗರಿಸುತ್ತಿತ್ತು. ನಮಗೆ ನಗು ಬಂದಿತು. ಆಮೇಲೆ ಗೌರವ ಬಂದಿತು. ಮಾತಾಡುವ ಚಟವಿರುವ ನಮ್ಮಂಥವರು ಮಾತಾಡುವುದು ಏನು ದೊಡ್ಡದು? ಚಟವಿಲ್ಲದವರು ನಾಲಿಗೆ ಒಣಗಿಸಿಕೊಂಡು ಬೀದಿಗೆ ಬಂದಿದ್ದರು.

ವಿಲ್ಸನ್ ಕಾಲೇಜಿನ ಮುಂದೆ ನಿಂತಾಗ ರಸ್ತೆಯಾಚೆ ಚೌಪಾಟಿಯ ಸಮುದ್ರ. ನಾವು ಸಂಕ್ರಾಂತಿಯಂದು ವಿಮಾನ ಹಾರಿಸಿದ ಮರಳು ಅದೇ. ಮಗಳು ಫಲಕವನ್ನು ಎತ್ತಿ ಹಿಡಿದು ನಿಂತಿದ್ದಳು. ನಮ್ಮದೇ ಕೈಬರಹದ ಪ್ರಶ್ನೆ, ನಮ್ಮದೇ ಮುಖಕ್ಕೆ. ಅವಳು ಅದನ್ನು ಬೇಕೆಂದು ನಮ್ಮ ಕಡೆ ತಿರುಗಿಸಿರಲಿಲ್ಲ. ಆದರೂ ನಾವು ಸಮುದ್ರದ ಕಡೆ ನೋಡುತ್ತ ನಿಂತೆವು.

೨೦೧೮ರ ಸಂಕ್ರಾಂತಿಯ ಕೂಟದಲ್ಲಿ ಐದು ನಿಮಿಷ ಬೇಡಿ ಪಡೆದು, ಮೂರು ವರ್ಷದ ಹಿಂದೆ ಆಡಿದ ಮಾತು ತಪ್ಪೆಂದು ತಿದ್ದಿಕೊಂಡೆವು. ಆ ಐವರ ಹೆಸರನ್ನು ಓದಿದೆವು. ಕನ್ನಡ ನಾಡು ಹೆಮ್ಮೆಪಡಬೇಕಾದದ್ದು ಹಾರದ ವಿಮಾನಕ್ಕಲ್ಲ, ಅದು ಹಾರದೆಂದು ನಮ್ಮವರೇ ಲೆಕ್ಕ ಹಾಕಿ ಹೇಳಿದ್ದಕ್ಕೆ ಎಂದೆವು. ಚಪ್ಪಾಳೆ ಬೀಳಲಿಲ್ಲವೆಂದಲ್ಲ, ತೆಳುವಾಗಿ ಬಿದ್ದಿತು. ಇಬ್ಬರು ಹಿರಿಯರು ಅಂದಿನಿಂದ ನಮ್ಮೊಡನೆ ಮಾತು ಕಡಿಮೆ ಮಾಡಿದ್ದಾರೆ. ಅದೇ ತಿಂಗಳು ಕೇಂದ್ರದ ಶಿಕ್ಷಣ ಖಾತೆಯ ರಾಜ್ಯಮಂತ್ರಿ ಸತ್ಯಪಾಲ ಸಿಂಗರು ಆಗಿನ ಔರಂಗಾಬಾದಿನಲ್ಲಿ ಡಾರ್ವಿನ್ನನ ವಿಕಾಸವಾದವೇ ತಪ್ಪು, ಅದನ್ನು ಪಾಠದಿಂದ ಬದಲಿಸಬೇಕು ಎಂದರು. ಈ ಸಲ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ಅದಕ್ಕೆ ಆಧಾರವಿಲ್ಲವೆಂದು ಬರೆದು ಹೇಳಿದವು. ಹಿರಿಯ ಮಂತ್ರಿಗಳು ಆ ಮಾತು ಮುಂದುವರಿಸದಂತೆ ಅವರಿಗೆ ಸೂಚಿಸಿದರು.

ಮಗಳ ಕಾಗದ? ೨೦೧೮ರಲ್ಲಿ ಅದು ನವೀಕರಣವಾಗಲಿಲ್ಲ. ಮೆರವಣಿಗೆಗೂ ಇದಕ್ಕೂ ಸಂಬಂಧವಿದೆಯೆಂದು ನಮ್ಮ ಮನೆಯವರು ಇಂದಿಗೂ ಹೇಳುತ್ತಾರೆ. ಮಗಳು ಒಪ್ಪುವುದಿಲ್ಲ. ಹಣ ಕಡಿಮೆಯಾಗಿ ಅವಳೊಡನಿದ್ದ, ಎಲ್ಲಿಗೂ ನಡೆಯದಿದ್ದ ಇಬ್ಬರದೂ ಹೋಯಿತಂತೆ. ಈಗ ಅವಳು ಉಪನಗರದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ೨೦೨೩ರಲ್ಲಿ ಹತ್ತನೆಯ ತರಗತಿಯ ಪುಸ್ತಕದಿಂದ ವಿಕಾಸವಾದವನ್ನು ತೆಗೆದುಹಾಕಿದಾಗ ೧,೮೦೦ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಬಹಿರಂಗ ಪತ್ರವೊಂದಕ್ಕೆ ಸಹಿ ಹಾಕಿದರು. ಅವಳೂ ಹಾಕಿದಳು. ಆ ಸಲ ತಾಯಿ ಏನೂ ಅನ್ನಲಿಲ್ಲ. ಪತ್ರವನ್ನು ಓದಿಸಿ ಕೇಳಿ, “ಇದರಾಗ ತಪ್ಪೇನದ?” ಎಂದಷ್ಟೇ ಕೇಳಿದರು.

ನಮ್ಮ ವಾಚಕರ ಮನೆಗಳಲ್ಲಿಯೂ ಪ್ರಯೋಗಾಲಯಗಳಲ್ಲಿ ದುಡಿಯುವ ಮಕ್ಕಳಿದ್ದಾರೆ. ನಾಳೆ ಅವರೂ ಊಟಕ್ಕೆ ಕುಳಿತಾಗ ಇಂಥ ಮಾತು ತೆಗೆದಾರು. ಹೆದರಬೇಡಿರೆಂದು ಹೇಳುವ ಅಧಿಕಾರ ನಮಗಿಲ್ಲ, ನಾವೂ ಹೆದರಿದವರೇ. ಬೈಯುವ ಮೊದಲು ಏನು ಕೇಳಲು ಹೋಗುತ್ತಿದ್ದಾರೆಂಬ ಪಟ್ಟಿಯನ್ನು ಒಮ್ಮೆ ಓದಿಸಿ ಕೇಳಿರೆಂದು ಮಾತ್ರ ಹೇಳಬಲ್ಲೆವು. ಮಳೆಗಾಲವಾದರೆ ಕೊಡೆಯೂ ಇರಲಿ.

ಆ ಫಲಕ ಇನ್ನೂ ನಮ್ಮ ಕಪಾಟಿನ ಹಿಂದೆ ಇದೆ. ಅದರ ಉಪಯೋಗವನ್ನು ಹೆಚ್ಚಾಗಿ ಮಾಡುವವರು ನಮ್ಮ ಮನೆಯವರೇ. ರಕ್ತದೊತ್ತಡದ ಗುಳಿಗೆ ತೆಗೆದುಕೊಂಡೆವೆಂದು ನಾವು ಹೇಳಿದರೆ, ಒಳಗಿನಿಂದಲೇ ಕೂಗುತ್ತಾರೆ: “ಸಾಕ್ಷಿ ಎಲ್ಲಿ?” ಎದ್ದು ಹೋಗಿ ಗುಳಿಗೆಯ ಚೀಟಿ ತೋರಿಸಿಯೇ ಕೂಡಬೇಕು.